ವೀಣೆಗೆ ಸುತ್ತಿದ ತಂತಿ

ವೀಣೆಯ ಕಛೇರಿಗೆ ಹೋಗಿ ಬಂದವರು ಆಡುವ ಮಾತಿನಲ್ಲಿ ಎರಡು ಬಗೆ. 'ಕೇಳಿಸಲೇ ಇಲ್ಲ ಕಣ್ರೀ' ಎನ್ನುವುದು ಒಂದು. 'ಕೇಳಿಸಿತು, ಆದರೆ ವೀಣೆಯೋ ಗಿಟಾರೋ ಗೊತ್ತಾಗಲಿಲ್ಲ' ಎನ್ನುವುದು ಇನ್ನೊಂದು. ಮೊದಲನೆಯವರು ಕೇಳಿದ್ದು ಎದುರಿಗೆ ಮೈಕಿಟ್ಟು ನುಡಿಸಿದ ವೀಣೆ, ಎರಡನೆಯವರು ಕೇಳಿದ್ದು ಪಿಕಪ್ ಹಾಕಿಸಿದ ವೀಣೆ ಎಂದು ಬಹಳ ಸಲ ಕಣ್ಣುಮುಚ್ಚಿ ಹೇಳಬಹುದು. ನಾನು ಸಂಗೀತ ವಿಮರ್ಶಕಿಯಲ್ಲ. ಮಕ್ಕಳಿಗೆ ಕನ್ನಡ ಮತ್ತು ಸಮಾಜ ಪಾಠ ಹೇಳಿಕೊಂಡು ಬಂದವಳು. ಮದುವೆಗೆ ಮುಂಚೆ ಎಂಟು ವರ್ಷ ವೀಣೆ ಕಲಿತೆ, ಆಮೇಲೆ ಒಲೆ, ಮಗು, ಉತ್ತರಪತ್ರಿಕೆಗಳ ನಡುವೆ ಬಿಡುವು ಸಿಕ್ಕಾಗ ನುಡಿಸುತ್ತ ಬಂದೆ. ಅಷ್ಟರ ಬಲದ ಮೇಲೆ ಈ ಎರಡನೆಯ ಮಾತಿನ ಬಗ್ಗೆ ನನ್ನದೊಂದು ತಗಾದೆಯಿದೆ.

ಈ ಮಾತು ಬಂದ ಕೂಡಲೇ ಹಿರಿಯರು 'ಹಾಗಾದರೆ ಕರೆಂಟಿನ ಸಹವಾಸವೇ ಬೇಡ' ಎಂದುಬಿಡುತ್ತಾರೆ. ನಾನು ಅವರ ಪಕ್ಷದವಳಲ್ಲ. ವೀಣೆ ಮೆಲುದನಿಯ ವಾದ್ಯ, ನಿಜ. ವೀಣೆ ಶೇಷಣ್ಣನವರು ಮೈಸೂರು ಅರಮನೆಯಲ್ಲಿ ನುಡಿಸಿದರು. ಮದರಾಸಿನ ವೀಣೆ ಧನಮ್ಮಾಳ್ ಶುಕ್ರವಾರದ ಸಂಜೆ ತಮ್ಮ ಮನೆಯಲ್ಲೇ ನುಡಿಸಿದರು. ಕೇಳಲು ಬಂದವರು ಕೆಮ್ಮಲಿಕ್ಕೂ ಅಂಜುತ್ತಿದ್ದರಂತೆ. ನಮ್ಮ ಕಾಲದ ಶಾಮಿಯಾನದಲ್ಲಿ ಒಂದು ಕಡೆ ಜನರೇಟರು, ಇನ್ನೊಂದು ಕಡೆ ಪ್ರಸಾದದ ಸಾಲು. ಅಲ್ಲಿ ಕೂತು 'ಶುದ್ಧನಾದವೇ ಬೇಕು' ಎಂದು ಹಟ ಹಿಡಿದರೆ ಮೊದಲ ಸಾಲಿನ ಹತ್ತು ಜನರಿಗೆ ಮಾತ್ರ ಸಂಗೀತ, ಉಳಿದವರಿಗೆ ವೀಣೆಯ ದರ್ಶನ.

ವಾದ್ಯದ ದನಿಯನ್ನು ಬೇಕೆಂದಂತೆ ತಿದ್ದಿಕೊಳ್ಳುವುದು ನಮ್ಮಲ್ಲಿ ಹೊಸದೂ ಅಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿನ 4 ತಂತಿಗಳ ಜೊತೆಗೆ ಇನ್ನೂ 3 ತಂತಿ ಸೇರಿಸಿ 7 ಮಾಡಿಕೊಂಡದ್ದು ಯಾತಕ್ಕೆ? ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವನಿಗೂ ಕೇಳಲಿ ಎಂದು. ಆಗ ಮೂಗು ಮುರಿದವರಿದ್ದರು. 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನೇ ಪಿಟೀಲಿನ ಆಕಾರದಲ್ಲಿ ಕಟ್ಟಿದರು. ಆದ್ದರಿಂದ ವೀಣೆಗೆ ಪಿಕಪ್ ಹಾಕಿದರೆ ಸರಸ್ವತಿ ಮುನಿಸಿಕೊಳ್ಳುತ್ತಾಳೆ ಎಂದು ನನಗೇನೂ ಅನಿಸುವುದಿಲ್ಲ.

ನನಗೇ ಅದು ಬೇಕಾಗಿ ಬಂತು. ನಾನಿರುವುದು ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಎರಡು ಬೀದಿ ಒಳಗೆ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂತು, ಆದರೆ ಲಾರಿಗಳ ಸದ್ದೇನೂ ಇಳಿಯಲಿಲ್ಲ. ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಕಿಟಕಿಯ ಗಾಜು ತಾನೇ ಒಂದು ಶ್ರುತಿ ಹಿಡಿದಿರುತ್ತದೆ. ಆ ಹೊತ್ತಿನಲ್ಲೇ ಮೂರು ಹುಡುಗಿಯರು ನನ್ನ ಹತ್ತಿರ ಕಲಿಯಲು ಬರುತ್ತಾರೆ. ನಾಲ್ವರಿದ್ದರು. ನಾಲ್ಕನೆಯವಳು 'ಆಂಟಿ, ಮನೇಲಿ ನುಡಿಸಿದರೆ ನನಗೇ ಕೇಳಿಸಲ್ಲ' ಎಂದು ಹೇಳಿ ಕೀಬೋರ್ಡಿಗೆ ಸೇರಿಕೊಂಡಳು. ಒಳ್ಳೆಯ ಕೈ ಅವಳದು. ಕೇಳಿಸಬೇಕೆಂದು ಜೋರಾಗಿ ಮೀಟುತ್ತ ಹೋದರೆ ಆ ಕೈ ಕೆಡುತ್ತದೆ ಎಂದು ನನಗೆ ಗೊತ್ತಿತ್ತು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ.

ಪಿಕಪ್ ಎಂದರೇನೆಂದು ಎರಡು ಮಾತಿನಲ್ಲಿ ಹೇಳುತ್ತೇನೆ, ಅಡುಗೆಮನೆಯಲ್ಲಿ ಕೂತು ಓದುತ್ತಿರುವವರಿಗೂ ಅರ್ಥವಾಗುವಂತೆ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತದ ಸೆಳೆತ ಅಲುಗಾಡುತ್ತದೆ, ಸುತ್ತಿನಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ನಮ್ಮ ಅಣ್ಣಂದಿರ ಸೈಕಲ್ಲಿನ ಡೈನಮೋ ಇತ್ತಲ್ಲ, ಅದರದೇ ತಂಗಿ. ಆ ಸಣ್ಣ ವಿದ್ಯುತ್ತನ್ನು ಆಂಪ್ಲಿಫೈಯರು ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತದೆ. ಇದನ್ನು ಗಿಟಾರಿಗೆ ಹೊಂದಿಸಿದವರು ಅಮೆರಿಕದ ಲಾಸ್ ಏಂಜಲೀಸಿನ ಜಾರ್ಜ್ ಬೀಚಂ, 1931ರ ಸುಮಾರಿಗೆ. ಹಾಗೆ ಮಾಡಿದ್ದು ತೊಡೆಯ ಮೇಲೆ ಮಲಗಿಸಿಕೊಂಡು ಜಾರಿಸಿ ನುಡಿಸುವ ಹವಾಯಿ ಗಿಟಾರಿಗೆ. ಅದರ ಆಕಾರ ನೋಡಿ ಜನ 'ಬಾಣಲೆ' ಎಂದು ಕರೆದರು. ಅವರ ಕಷ್ಟವೂ ನಮ್ಮದೇ: ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರು ಕೇಳಿಸುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಯಸ್ಕಾಂತಕ್ಕೆ ಗಾಳಿ ಕೇಳಿಸುವುದಿಲ್ಲ, ಮರ ಕೇಳಿಸುವುದಿಲ್ಲ. ಅದಕ್ಕೆ ಗೊತ್ತಿರುವುದು ಉಕ್ಕು ಒಂದೇ. ವೀಣೆಯ ಹಲಸಿನ ಕೊಡ, ಒಳಗಿನ ಟೊಳ್ಳು, ಆಚೆ ಬದಿಯ ಬುರುಡೆ, ಇವೆಲ್ಲ ಅದರ ಪಾಲಿಗೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಪೆನ್ನ ಓಬಳಯ್ಯನವರು ಊರಿಗೆ ಊರಿಗೇ ವೀಣೆ ಮಾಡುವ ಕಸಬು ಹತ್ತಿಸಿದರು. ಅಲ್ಲಿ ಹಲಸಿನ ತೊಲೆಯನ್ನು ಕೊರೆದು, ಕೆತ್ತಿ, ತೆಳ್ಳಗೆ ಮಾಡುವ ಪಾಡು ಸಣ್ಣದಲ್ಲ. ಆ ಪಾಡೆಲ್ಲ ಪಿಕಪ್ಪಿನ ಲೆಕ್ಕಕ್ಕೆ ಬರುವುದಿಲ್ಲ. ಮರದ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕು ಬೇರೆ ಜಾತಿಯದು. ಅದು ಮರವನ್ನು ಕೇಳುತ್ತದೆ. ಜೊತೆಗೆ ಬಳೆಯ ತಾಗಾಟ, ಉಗುರಿನ ಕೆರೆತ, ಕಾಲು ಬದಲಿಸಿದ ಸದ್ದು ಎಲ್ಲವನ್ನೂ. ಎದುರಿಗಿಡುವ ಮೈಕು ಸಭ್ಯ, ಆದರೆ ಪಕ್ಕದ ಮೃದಂಗವನ್ನೂ ಆಚೆಯ ಲಾರಿಯನ್ನೂ ಸಮಾನವಾಗಿ ಆದರಿಸುತ್ತದೆ.

ಹಾಗಾದರೆ ಪಿಕಪ್ಪಿನ ವೀಣೆ ಗಿಟಾರಿನಂತೆ ಕೇಳುವುದು ಮರ ಸೇರದೆ ಇರುವುದರಿಂದಲೇ? ನಾನೂ ಬಹಳ ದಿನ ಹಾಗೇ ಕೇಳಿಕೊಂಡು ಬಂದೆ. ಅದು ಅರ್ಧ ಉತ್ತರ. ಇನ್ನರ್ಧ ತಿಳಿಸಿಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಪೀಣ್ಯದಲ್ಲಿ ಸುಟ್ಟುಹೋದ ಮೋಟರುಗಳಿಗೆ ಹೊಸ ತಂತಿ ಸುತ್ತುವುದು ಅವನ ಕೆಲಸ. ಭಾನುವಾರ ಗೆಳೆಯರ ಜೊತೆ ಗಿಟಾರು. ಸಮಾಜ ಪರೀಕ್ಷೆಯಲ್ಲಿ ಎಂದೂ ಮೂವತ್ತೈದು ದಾಟಿದವನಲ್ಲ. ಗಿಟಾರಿನ ಪಿಕಪ್ಪನ್ನು ಬಿಚ್ಚಿ, ಸುತ್ತು ಕಡಿಮೆ ಮಾಡಿ, ಅಯಸ್ಕಾಂತ ಬದಲಿಸಿ ದನಿ ತಿದ್ದುವುದು ಅವನಿಗೂ ಅವನ ಗೆಳೆಯರಿಗೂ ಹುಚ್ಚು. ನನ್ನ ವೀಣೆಯನ್ನು ನೋಡಿ, 'ಮಿಸ್, ಇದಕ್ಕೆ ಗಿಟಾರಿಂದು ಹಾಗೇ ಹಾಕಿದ್ರೆ ಗಿಟಾರೇ ಕೇಳ್ಸೋದು. ಇನ್ನೇನು ಕೇಳ್ಸತ್ತೆ?' ಎಂದ. ಹತ್ತು ವಿಮರ್ಶೆಗಳಲ್ಲಿ ಇಲ್ಲದ್ದು ಆ ಒಂದು ಮಾತಿನಲ್ಲಿತ್ತು.

ನೋಡಿ. ಗಿಟಾರಿನ ಪಿಕಪ್ಪಿನಲ್ಲಿ 6 ತಂತಿಗೆ 6 ಕಬ್ಬಿಣದ ಗುಂಡಿಗಳು, ಒಂದೊಂದು ತಂತಿಯ ಕೆಳಗೆ ಒಂದೊಂದು. ವೀಣೆಯಲ್ಲಿ ಮೆಟ್ಟಿಲುಗಳ ಮೇಲೆ ಹಾಯುವುದು 4 ತಂತಿ. ಅವುಗಳ ಅಂತರಕ್ಕೂ ಆ ಗುಂಡಿಗಳ ಅಂತರಕ್ಕೂ ತಾಳೆಯಾಗುವುದಿಲ್ಲ. ಅದು ಹೇಗೋ ಆಯಿತೆನ್ನಿ. ಆದರೆ ನಮ್ಮ ಸಂಗೀತದ ಜೀವ ಗಮಕ. ಸಾರಣಿಯನ್ನು ಮೆಟ್ಟಿಲ ಮೇಲೆ ಅಡ್ಡಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಎರಡು ಮೂರು ಸ್ವರ ತೋರಿಸುತ್ತೇವೆ. ಎಳೆದಾಗ ತಂತಿ ತನ್ನ ಗುಂಡಿಯನ್ನು ಬಿಟ್ಟು ಸರಿಯುತ್ತದೆ, ದನಿ ಕುಸಿಯುತ್ತದೆ. ಬಿಟ್ಟಾಗ ಮತ್ತೆ ಏಳುತ್ತದೆ. ತೋಡಿಯ ಗಾಂಧಾರವನ್ನು ಆಡಿಸುವಾಗ ಸ್ವರದ ಜೊತೆ ಸದ್ದೂ ಮೇಲೆ ಕೆಳಗೆ ಆಡಿದರೆ ಏನಾದೀತು? ಕೇಳುವವರಿಗೆ ಅದು ಗಮಕವಾಗುವುದಿಲ್ಲ, ನಡುಕವಾಗುತ್ತದೆ. ಕಲಾವಿದೆಯ ಕೈಯಲ್ಲಿ ದೋಷ ಹುಡುಕುವ ವಿಮರ್ಶಕರು ಒಮ್ಮೆ ಆ ಪಟ್ಟಿಯ ಕೆಳಗೂ ಇಣುಕಿ ನೋಡಬೇಕು. ಗುಂಡಿಗಳನ್ನು ತೆಗೆದು ಉದ್ದಕ್ಕೆ ಒಂದೇ ಕಬ್ಬಿಣದ ಪಟ್ಟಿ ಕೂರಿಸಿದರೆ ಈ ಕಾಯಿಲೆ ಬಹುಪಾಲು ವಾಸಿ. ತಂತಿ ಎಲ್ಲಿಗೆ ಸರಿದರೂ ಕೆಳಗೆ ಪಟ್ಟಿ ಇದ್ದೇ ಇರುತ್ತದೆ.

ಎರಡನೆಯದು ಮಂದ್ರ, ಅನುಮಂದ್ರಗಳ ವಿಷಯ. ಇವು ಹಿಂದೆ ಹಿತ್ತಾಳೆಯವು. ಈಗ ಉಕ್ಕಿನ ಎಳೆಯ ಮೇಲೆ ತಾಮ್ರವನ್ನೋ ಹಿತ್ತಾಳೆಯನ್ನೋ ಸುತ್ತಿದವೂ ಬಂದಿವೆ. ಅಯಸ್ಕಾಂತ ಹಿತ್ತಾಳೆಯನ್ನು ಮೂಸಿಯೂ ನೋಡುವುದಿಲ್ಲ. ಸುತ್ತಿದ ತಂತಿಯಾದರೆ ಒಳಗಿನ ಉಕ್ಕಿನ ಎಳೆಯಷ್ಟೇ ಅದರ ಕಣ್ಣಿಗೆ ಬೀಳುವುದು. ಹೀಗಾಗಿ ತೆಳ್ಳಗಿನ ಸಾರಣಿ ಕಿರುಚುತ್ತದೆ, ತೂಕದ ಅನುಮಂದ್ರ ಪಿಸುಗುಡುತ್ತದೆ. ಮನೆಯಲ್ಲಿ ಕಿರಿಯರು ಕೂಗಾಡಿ ಹಿರಿಯರು ಸುಮ್ಮನಾದ ಹಾಗೆ. ಪಟ್ಟಿಯನ್ನು ಅನುಮಂದ್ರದ ಕಡೆ ಸ್ವಲ್ಪ ಎತ್ತರಿಸಿ, ಸಾರಣಿಯ ಕಡೆ ತಗ್ಗಿಸಬೇಕು. ಹಾಗೆಂದು ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಜಗ್ಗಿ ಹಿಡಿದು ನಾದದ ಆಯುಸ್ಸು ಕಡಿಮೆಯಾಗುತ್ತದೆ, ಶ್ರುತಿಯೂ ಅಳ್ಳಾಡುತ್ತದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದನ್ನು ಹೇಳಲು ಸರ್ ಸಿ.ವಿ. ರಾಮನ್ ಅವರ ಹತ್ತಿರ ಹೋಗಬೇಕು. ನಮಗೆ ಅವರು ಮೇಖ್ರಿ ಸರ್ಕಲ್ ಬಳಿಯ ಸಂಸ್ಥೆಯವರು, ಬೆಳಕಿನ ಶೋಧಕ್ಕೆ 1930ರಲ್ಲಿ ನೊಬೆಲ್ ಪಡೆದವರು. ಬೆಂಗಳೂರಿಗೆ ಬರುವುದಕ್ಕೂ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಅವರು ವೀಣೆ ತಂಬೂರಿಗಳ ಮೇಲೆ ಒಂದು ಲೇಖನ ಬರೆದರು. ತಂತಿಯನ್ನು ಒಂದು ನಿರ್ದಿಷ್ಟ ಜಾಗದಲ್ಲಿ ಮೀಟಿದರೆ ಕೆಲವು ಅನುಸ್ವರಗಳು ಹುಟ್ಟಲೇಬಾರದು ಎನ್ನುವುದು ಯೂರೋಪಿನ ವಿಜ್ಞಾನಿಗಳು ಕಟ್ಟಿದ್ದ ನಿಯಮ. ವೀಣೆಯಲ್ಲಿ ಅವು ಧಾರಾಳವಾಗಿ ಹುಟ್ಟುತ್ತವೆ ಎಂದು ರಾಮನ್ ಕಂಡುಕೊಂಡರು. ಕಾರಣ ಕುದುರೆ. ಪಿಟೀಲಿನ ಕುದುರೆಯ ತುದಿ ಚೂಪು. ವೀಣೆಯ ಕುದುರೆ ಅಗಲ, ಮೇಲೊಂದು ಲೋಹದ ತಗಡು, ಆ ತಗಡಿಗೆ ಕಣ್ಣಿಗೆ ಕಂಡೂ ಕಾಣದಂಥ ಬಾಗು. ನಡುಗುವ ತಂತಿ ಆ ಬಾಗನ್ನು ಸವರುತ್ತ, ಬಿಡುತ್ತ, ಮತ್ತೆ ಸವರುತ್ತ ಹೋಗುತ್ತದೆ. ಅಲ್ಲಿ ಚಿಮ್ಮುವ ಸಣ್ಣ ಸಣ್ಣ ಅನುಸ್ವರಗಳ ಹೊಳಪೇ ನಾವು ವೀಣೆಯ ದನಿ ಎಂದು ಗುರುತಿಸುವುದು. ವೀಣೆ ರಿಪೇರಿಯವರು ಆ ತಗಡನ್ನು ಉಜ್ಜಿ ಉಜ್ಜಿ ನೋಡುವುದು ಇದಕ್ಕೇ.

ಈಗ ಪಿಕಪ್ಪಿಗೆ ಬನ್ನಿ. ಸುತ್ತು ಹೆಚ್ಚಿದಷ್ಟೂ ಸದ್ದು ಹೆಚ್ಚು. ಆದರೆ ಸುತ್ತು ಹೆಚ್ಚಿದಷ್ಟೂ ಮೇಲಿನ ಸಣ್ಣ ಅನುಸ್ವರಗಳು ಒಳಗೇ ಮುಳುಗಿಹೋಗುತ್ತವೆ, ದನಿ ದಪ್ಪವಾಗಿ ಮಂಕಾಗುತ್ತದೆ. ಒಂದು ಸಾಧಾರಣ ಗಿಟಾರಿನ ಪಿಕಪ್ಪಿನಲ್ಲಿ ಸುಮಾರು 8,000 ಸುತ್ತು ಇರುತ್ತದೆ. ರಾಕ್ ಸಂಗೀತದ ಆರ್ಭಟಕ್ಕೆಂದು ಮಾಡಿದವುಗಳಲ್ಲಿ ಇನ್ನೂ ಹೆಚ್ಚು. ಇಂಥದ್ದನ್ನು ತಂದು ವೀಣೆಗೆ ಬಿಗಿದರೆ ರಾಮನ್ ಬೆರಗಾದ ಆ ಹೊಳಪನ್ನೇ ಅದು ಸೋಸಿ ಚೆಲ್ಲುತ್ತದೆ. ಕಾಫಿ ಸೋಸಿ ಡಿಕಾಕ್ಷನ್ ಚೆಲ್ಲಿ ಚರಟ ಇಟ್ಟುಕೊಂಡ ಹಾಗಾಯಿತು. ಮರ ಸೇರದೆ ಹೋದದ್ದು ನಷ್ಟವೇ, ಆದರೆ ಕುದುರೆಯ ಹೊಳಪು ತಂತಿಯಲ್ಲೇ ಇರುವಂಥದ್ದು, ಉಕ್ಕಿನ ನಡುಕದಲ್ಲೇ ಬರೆದಿರುವಂಥದ್ದು. ಅಯಸ್ಕಾಂತ ಅದನ್ನು ಹಿಡಿಯಬಲ್ಲದು. ಕಳೆದುಕೊಳ್ಳುವವರು ನಾವು, ಜೋರು ಬೇಕೆಂಬ ಆಸೆಗೆ.

ಇನ್ನು ಗುಂಯ್ ಎನ್ನುವ ಕರೆಂಟಿನ ಸದ್ದು. ನಮ್ಮ ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊಯ್ದಾಡುತ್ತದೆ. ಸುರುಳಿ ಅದನ್ನೂ ಹೆಕ್ಕುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ಎರಡು ಸುರುಳಿಗಳನ್ನು ಎದುರುಬದುರಾಗಿ ಜೋಡಿಸಿ ಇದಕ್ಕೆ ಮದ್ದು ಕಂಡುಹಿಡಿದರು. ಇಬ್ಬರು ವಾರಗಿತ್ತಿಯರು ಒಬ್ಬರ ಮೇಲೊಬ್ಬರು ಒಂದೇ ದೂರನ್ನು ತಂದರೆ ಅತ್ತೆ ಎರಡನ್ನೂ ವಜಾ ಮಾಡುವುದಿಲ್ಲವೇ, ಹಾಗೆ ಗುಂಯ್ ಎನ್ನುವುದು ವಜಾ ಆಗಿ ತಂತಿಯ ದನಿ ಮಾತ್ರ ಉಳಿಯುತ್ತದೆ. ಆದರೆ ಜೋಡಿ ಸುರುಳಿ ಹೊಳಪನ್ನೂ ಸ್ವಲ್ಪ ನುಂಗುತ್ತದೆ. ಮನೆಯಲ್ಲಿ ನುಡಿಸುವವರಿಗೆ ಒಂಟಿ ಸುರುಳಿಯೇ ಸಾಕು, ಟ್ಯೂಬ್‌ಲೈಟಿನಿಂದ ದೂರ ಕೂತರಾಯಿತು ಎಂದು ನನ್ನ ತೀರ್ಮಾನ.

ಮ್ಯಾಂಡೊಲಿನ್ ಯು. ಶ್ರೀನಿವಾಸ್ ಅವರ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ. ಅವರು ಎಲೆಕ್ಟ್ರಿಕ್ ಮ್ಯಾಂಡೊಲಿನ್ನನ್ನೇ ಹಿಡಿದು, ಜೋಡಿ ತಂತಿಗಳನ್ನು ಬಿಟ್ಟು ಐದು ಒಂಟಿ ತಂತಿ ಹಾಕಿಕೊಂಡರು. 2014ರಲ್ಲಿ ನಲವತ್ತೈದೇ ವಯಸ್ಸಿಗೆ ಅವರು ಹೋದಾಗ ನಾನು ಅತ್ತದ್ದುಂಟು. ಆದರೆ ಅವರ ಉದಾಹರಣೆ ವೀಣೆಗೆ ಹೊಂದುವುದಿಲ್ಲ. ಮ್ಯಾಂಡೊಲಿನ್ನಿನ ನಾದ ಮೀಟಿದ ಕೂಡಲೇ ಸಾಯುತ್ತದೆ. ಕರೆಂಟು ಅದಕ್ಕೆ ಆಯುಸ್ಸು ಕೊಟ್ಟಿತು, ಆ ಆಯುಸ್ಸಿನಲ್ಲಿ ಅವರು ಗಮಕ ತುಂಬಿದರು. ವೀಣೆಗೆ ಆಯುಸ್ಸು ಹುಟ್ಟಿನಿಂದಲೇ ಇದೆ. ಅದಕ್ಕೆ ಬೇಕಾಗಿರುವುದು ಸ್ವಲ್ಪ ದೂರ ಹೋಗುವ ಶಕ್ತಿ, ಅಷ್ಟೆ.

ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ನಮ್ಮ ಮನೆಗಳಿಗೆ ತಂದ ಹಾಗೆಯೇ ಎಲೆಕ್ಟ್ರಾನಿಕ್ ವೀಣೆಯನ್ನೂ ಮಾಡಿದರು. ಅದರ ಮೇಲೆ ನನ್ನ ತಕರಾರಿಲ್ಲ. ಅದು ತಾನು ಬೇರೆ ವಾದ್ಯವೆಂದು ಮೊದಲೇ ಹೇಳಿಕೊಳ್ಳುತ್ತದೆ, ಬಸ್ಸಿನಲ್ಲಿ ಒಯ್ಯಬೇಕಾದವರಿಗೆ ಉಪಕಾರಿ. ಹಲಸಿನ ವೀಣೆಯನ್ನು ಅಂದವಾಗಿ ವೇದಿಕೆಯ ಮೇಲಿಟ್ಟು, ಅದರ ಬಾಯಿಗೆ ಗಿಟಾರಿನ ಮಾತು ಹಾಕುವುದೇ ನನಗೆ ಸಹಿಸದು.

ವಿದ್ಯಾರ್ಥಿಗೆ ನಾನು ಹಾಕಿದ್ದು ಒಂದೇ ಷರತ್ತು: ಮರಕ್ಕೆ ತೂತು ಕೊರೆಯಕೂಡದು. ಎಸ್.ಪಿ. ರಸ್ತೆಯಿಂದ ಸಣ್ಣ ತಂತಿ ತಂದ. ನನ್ನ ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ದಾರ ಸುತ್ತುವ ಚಕ್ರ ಇದೆಯಲ್ಲ, ಅದಕ್ಕೇ ಸುರುಳಿಯ ಚೌಕಟ್ಟನ್ನು ಸಿಕ್ಕಿಸಿದ. ನಾನು ಪೆಡಲ್ ತುಳಿದೆ, ಅವನು ಎರಡು ಬೆರಳಿನಲ್ಲಿ ತಂತಿ ಹಿಡಿದ. ಜಗ್ಗಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಒಳಗೆ ಅಲುಗಾಡಿ ಕಿರ್ರೆನ್ನುತ್ತದೆ. ಕಿರ್ರೆನ್ನದಿರಲಿ ಎಂದು ಗಿಟಾರಿನವರು ಸುರುಳಿಯನ್ನು ಕರಗಿದ ಮೇಣದಲ್ಲಿ ಅದ್ದಿಡುತ್ತಾರಂತೆ. ವೀಣೆಯ ಮೆಟ್ಟಿಲು ಕೂರಿಸುವುದಕ್ಕೂ ಮೇಣವೇ ಎಂದು ಹೇಳಿದಾಗ ಅವನಿಗೆ ಬಹಳ ಖುಷಿಯಾಯಿತು. ನಮ್ಮದನ್ನು ಅದ್ದಲಿಲ್ಲ. ಅದ್ದದ ಸುರುಳಿ ಮೈಯ ಅದುರನ್ನೂ ಒಂದಿಷ್ಟು ಹಿಡಿಯುತ್ತದೆ, ಮನೆಯ ಸಣ್ಣ ಸ್ಪೀಕರಿಗೆ ಅದೇ ಒಳ್ಳೆಯದು. ಶಾಮಿಯಾನಕ್ಕಾದರೆ ಅದ್ದಲೇಬೇಕು.

ಮೊದಲು 8,000 ಸುತ್ತು ಹಾಕಿ ಕೇಳಿದೆವು. ದಪ್ಪ, ಜೋರು; ರಿಂಗಣವಿಲ್ಲ. ಬಿಚ್ಚುತ್ತ ಬಿಚ್ಚುತ್ತ 5,000ಕ್ಕೆ ಇಳಿಸಿದಾಗ ಸದ್ದು ಕುಗ್ಗಿತು, ಕುದುರೆಯ ಹೊಳಪು ಮೇಲೆದ್ದಿತು. ಕುದುರೆಗೆ ಒತ್ತಿಕೊಂಡಂತೆ ಇಟ್ಟರೆ ತಗಡಿನ ದನಿ. ಕೊನೆಯ ಮೆಟ್ಟಿಲಿನ ಹತ್ತಿರಕ್ಕೆ ಒಯ್ದರೆ ಹದವಾದ ಆದರೆ ನಿದ್ದೆಗಣ್ಣಿನ ದನಿ. ಎರಡೂ ಕಡೆ ಅಂಟುವ ಟೇಪಿನಲ್ಲಿ ಸರಿಸಿ ಸರಿಸಿ, ಕುದುರೆಯಿಂದ ನಾಲ್ಕು ಬೆರಳು ಈಚೆಗೆ ನಿಲ್ಲಿಸಿದೆವು. ಕಣ್ಣುಮುಚ್ಚಿ ಕೇಳಿದರೆ ಅದು ವೀಣೆಯೇ. ಪಕ್ಕದಲ್ಲಿ ಕೂತು ಕೇಳಿದ ವೀಣೆಯಲ್ಲ, ಪಡಸಾಲೆಯ ಆಚೆ ತುದಿಯಿಂದ ಕೇಳಿದ ವೀಣೆ. ನನಗೆ ಅಷ್ಟು ಸಾಕು. ಹುಡುಗಿಯರೂ ಈಗ ಕೈ ಹಗುರ ಮಾಡಿ ಮೀಟುತ್ತಾರೆ, ನಾನು ಗಮನಿಸಿದ ಮೊದಲ ಲಾಭ ಅದೇ. ಕೀಬೋರ್ಡಿಗೆ ಹೋದವಳು ಒಂದು ಸಂಜೆ ಬಂದು ಕೇಳಿದಳು. ಏನೂ ಹೇಳದೆ ಸಾರಣಿಯನ್ನು ನಾಲ್ಕು ಸಲ ಮೀಟಿ ಹೋದಳು.

ಸಭೆಗಳಲ್ಲಿ ಕಷ್ಟ ಬೇರೆಯೇ. ಎಷ್ಟು ತಿದ್ದಿದ ಪಿಕಪ್ಪಾದರೂ ಕೊನೆಗೆ ಅದು ಹೋಗಿ ಸೇರುವುದು ಸೌಂಡಿನವರ ಪೆಟ್ಟಿಗೆಗೆ. ಅಲ್ಲಿ ಕೂತವರಿಗೆ ಹಿಂದಿನ ರಾತ್ರಿ ಆರ್ಕೆಸ್ಟ್ರಾ, ಮರುದಿನ ಭಾಷಣ. ತಿರುಪುಗಳು ಹಿಂದಿನ ರಾತ್ರಿಯ ಜಾಗದಲ್ಲೇ ಇರುತ್ತವೆ. ಕಲಾವಿದೆ ವೇದಿಕೆಯಿಂದ ಕೈಸನ್ನೆ ಮಾಡಿದರೆ ಜೋರು ಮಾಡಬೇಕೆಂದೇ ಅವರಿಗೆ ಅರ್ಥವಾಗುವುದು. ಎದುರಿಗೆ ಒಂದು ಮೈಕು, ಜೊತೆಗೆ ಒಂದು ಪಿಕಪ್, ಎರಡನ್ನೂ ಅರ್ಧರ್ಧ ಬೆರೆಸಿದರೆ ಮರವೂ ಬಂತು, ಹೊಳಪೂ ಬಂತು. ಇದಕ್ಕೆ ಕಛೇರಿಗೆ ಮುಂಚೆ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆ ಹೂವಿನ ಹಾರಕ್ಕೂ ಮುಖ್ಯ ಅತಿಥಿಗಳಿಗೂ ಮೀಸಲು.

ನಮ್ಮ ಮನೆಯ ವೀಣೆಯಲ್ಲಿ ಒಂದು ಕೊರತೆ ಉಳಿದಿದೆ. ಪಕ್ಕದಲ್ಲಿ ಹಾಯುವ 3 ತಾಳದ ತಂತಿಗಳು ಪಟ್ಟಿಯ ಮೇಲೆ ಬರುವುದಿಲ್ಲ, ಆದ್ದರಿಂದ ಸ್ಪೀಕರಿನಲ್ಲಿ ಅವು ಇಲ್ಲ. ಕಿರುಬೆರಳು ತಾಳ ಹಾಕುತ್ತದೆ, ಪೆಟ್ಟಿಗೆಗೆ ಗೊತ್ತೇ ಆಗುವುದಿಲ್ಲ. ವೇದಿಕೆಯ ಮೇಲಿನ ಪಿಕಪ್ ವೀಣೆಗಳಲ್ಲೂ ನಾನು ಇದೇ ಕೊರತೆಯನ್ನು ಕೇಳಿದ್ದೇನೆ, ಯಾವ ವಿಮರ್ಶೆಯಲ್ಲೂ ಓದಿಲ್ಲ. ತಾಳದ ತಂತಿಗಳಿಗೆಂದೇ ಬೆರಳಗಲದ ಇನ್ನೊಂದು ಸುರುಳಿಯ ಚೌಕಟ್ಟನ್ನು ವಿದ್ಯಾರ್ಥಿ ಕೆತ್ತಿ ತಂದಿದ್ದಾನೆ. ಎಷ್ಟು ಸುತ್ತು ಹಾಕಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. 2,000 ಸಾಕೆಂದು ನಾನು, ಸಾಲದೆಂದು ಅವನು.